ಹಸಿರು ಬೊಟ್ಟಿನ ಅರ್ಥ

ನಮ್ಮ ತಮ್ಮನ ಮಗಳು ಶಿವಮೊಗ್ಗೆಯಿಂದ ಬಂದು, ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ಮನೆಯಲ್ಲಿಯೇ ಇದ್ದುಕೊಂಡು, ಜೆ. ಪಿ. ನಗರದ ಕಚೇರಿಯೊಂದಕ್ಕೆ ಹೋಗಿಬರುತ್ತಿರುವ ಸಂಗತಿಯನ್ನು ಈ ಪುಟದ ವಾಚಕರಿಗೆ ಹಿಂದೊಮ್ಮೆ ಅರಿಕೆಮಾಡಿದ್ದೆವು. ಈ ಹುಡುಗಿಯು ಒಂದು ವರ್ಷದ ಕೆಳಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಇಷ್ಟನ್ನೂ ಒಂದೇ ದಿನ ಬಿಟ್ಟುಬಿಟ್ಟಳು. ಕಾರಣವನ್ನು ಕೇಳಿದರೆ, ಕರುವಿಗೆ ಸಲ್ಲತಕ್ಕುದನ್ನು ತಾನು ಕುಡಿಯಲಾರೆನೆಂದಷ್ಟೇ ಹೇಳಿ ಸುಮ್ಮನಾದಳು. ಮೊಸರನ್ನವಿಲ್ಲದೆ ಊಟ ಮುಗಿಯಿತೆಂದು ಒಪ್ಪದ ಮನೆ ನಮ್ಮದು. ಮೊದಮೊದಲು ನಾವು ನಕ್ಕೆವು, ಆಮೇಲೆ ವಾದಿಸಿದೆವು, ಗೋರಸದ ಮಹಿಮೆಯನ್ನು ಕುರಿತು ನೆನಪಿಗೆ ಬಂದ ಶ್ಲೋಕಗಳನ್ನೆಲ್ಲ ಹೇಳಿ ತೀರಿಸಿದೆವು. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ದೊಡ್ಡಪ್ಪ, ನೀವು ಬಿಡಿ ಎಂದು ನಾನು ಹೇಳಲಿಲ್ಲವಲ್ಲ" ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯವರಾದರೋ ವಾದಕ್ಕೇ ಹೋಗದೆ, ಮಾರನೆಯ ದಿನದಿಂದ ಅವಳ ಪಾಲಿನ ತೊವ್ವೆಯನ್ನು ತುಪ್ಪದ ಒಗ್ಗರಣೆಗೆ ಮುಂಚೆಯೇ ಬೇರೊಂದು ಪಾತ್ರೆಗೆ ತೆಗೆದಿಡತೊಡಗಿದರು.

ಈ ಆಷಾಢದಲ್ಲಿ ನಮ್ಮ ಮನೆಯವರು ತಂಗಿಯ ಮನೆಗೆಂದು ನಾಲ್ಕು ದಿನ ಮೈಸೂರಿಗೆ ಹೋದರು. ಅಡಿಗೆಯ ಭಾರ ನಮ್ಮ ಮೇಲೆ ಬಿದ್ದಿತು. ಎರಡು ದಿನ ಹೇಗೋ ಸಾಗಿತು. ಮೂರನೆಯ ದಿನ ಸಂಜೆ ಜಯನಗರದ ನಾಲ್ಕನೆಯ ಬ್ಲಾಕಿನ ಕಡೆ ಹೋಗಿದ್ದಾಗ ಮಳೆ ಹಿಡಿದುಕೊಂಡುದರಿಂದ ಒಂದು ದೊಡ್ಡ ಅಂಗಡಿಯನ್ನು ಹೊಕ್ಕೆವು. ಅಲ್ಲಿ ಗಾಜಿನ ಬಾಗಿಲಿನ ಶೀತಪೆಟ್ಟಿಗೆಯೊಳಗೆ 'ವೆಜ್ ಬರ್ಗರ್ ಪ್ಯಾಟಿ' ಎಂಬ ಪೊಟ್ಟಣಗಳು ಸಾಲಾಗಿ ಕುಳಿತಿದ್ದವು. ಈ ಪದಾರ್ಥವನ್ನು ಕಾಣದ ವಾಚಕರಿಗಾಗಿ ಹೇಳುವುದಾದರೆ, ಆಲೂಗಡ್ಡೆ, ಬಟಾಣಿ, ಗಜ್ಜರಿ, ಹುರುಳಿಕಾಯಿ ಮೊದಲಾದುವನ್ನು ಬೇಯಿಸಿ ಹಿಸುಕಿ, ಮಸಾಲೆ ಬೆರಸಿ, ವಡೆಯಂತೆ ತಟ್ಟಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಅರೆಗರಿದು, ಹೆಪ್ಪುಗಟ್ಟಿಸಿ ಮಾರುವರು. ಕಾವಲಿಯ ಮೇಲೆ ಕಾಯಿಸಿ ಬನ್ನಿನ ನಡುವೆ ಇಟ್ಟರೆ ಅದೇ ಬರ್ಗರು. ನಮ್ಮ ಮನೆಯವರ ಮತದಲ್ಲಿ ಇದು ಬೋಂಡಕ್ಕೆ ಆದ ಅಪಮಾನ. ಹುಡುಗರ ಮತ ಬೇರೆ. ಇವುಗಳ ಪಕ್ಕದಲ್ಲಿಯೇ ಸೋಯಾ ಮತ್ತು ಬಟಾಣಿಯ ಸಾರದಿಂದ ಮಾಂಸದ ರುಚಿ ಹುಟ್ಟುವಂತೆ ಮಾಡಿದ ಬೇರೊಂದು ಜಾತಿಯ ಪ್ಯಾಟಿಗಳೂ ಇದ್ದವು. ಅವುಗಳ ಹೆಸರೇ ನಮಗೆ ರುಚಿಸದಿದ್ದುದರಿಂದ ತರಕಾರಿಯದನ್ನೇ ತೆಗೆದುಕೊಂಡೆವು. ಪೊಟ್ಟಣದ ಮೂಲೆಯಲ್ಲಿ ಹಸಿರು ಚೌಕ, ಅದರೊಳಗೆ ಹಸಿರು ಬೊಟ್ಟು. ಇನ್ನೇನು ಬೇಕು?

ರಾತ್ರಿ ಎಂಟು ಗಂಟೆಗೆ ಹುಡುಗಿಯು ನೆನೆದು ಬಂದಳು. ಬಿಸಿಬಿಸಿಯಾಗಿ ತಟ್ಟೆಗೆ ಹಾಕಿದೆವು. "ದೊಡ್ಡಪ್ಪ, ನೋಡಿ ತಂದಿರಾ?" ಎಂದು ಕೇಳಿದಳು. "ನೋಡಿಯೇ ತಂದೆನಮ್ಮ" ಎಂದೆವು. ಎರಡನ್ನು ತಿಂದು, ಚೆನ್ನಾಗಿದೆಯೆಂದು ಹೇಳಿ, ಮಲಗಲು ಹೋದಳು. ನಾವು ಆ ಹೊಗಳಿಕೆಯನ್ನು ಅನುಭವಿಸುತ್ತ, ಖಾಲಿ ಪೊಟ್ಟಣವನ್ನು ಒಣಕಸದ ಚೀಲಕ್ಕೆ ಹಾಕಲು ಮಡಿಸುತ್ತಿದ್ದಾಗ ಅದರ ಹಿಂಬದಿ ಕಣ್ಣಿಗೆ ಬಿದ್ದಿತು. ಸಾಸುವೆಗಿಂತ ಸಣ್ಣ ಅಕ್ಷರ. ಪಂಚಾಂಗ ನೋಡಲು ಇಟ್ಟುಕೊಂಡಿರುವ ಭೂತಗನ್ನಡಿಯನ್ನು ತಂದು ಓದಿದೆವು. ಬ್ರೆಡ್ಡಿನ ಪುಡಿಯ ಮುಂದಣ ಆವರಣ ಚಿಹ್ನೆಯೊಳಗೆ 'ಹಾಲಿನ ಘನಾಂಶ' ಎಂದಿದ್ದಿತು. ಅದರ ಕೆಳಗೆ ದಪ್ಪಕ್ಷರದಲ್ಲಿ, ಯಾರೂ ಓದಬಹುದಾದಂತೆ, ಗೋಧಿ, ಸೋಯಾ, ಹಾಲು ಇದರಲ್ಲಿವೆ ಎಂದು ಬರೆದಿದ್ದಿತು.

ನಾಚಿಕೆಯನ್ನು ಬಿಟ್ಟು ಹೇಳುವೆವು. ಆ ರಾತ್ರಿ ನಮ್ಮ ಮನಸ್ಸು ಮೊದಲು ಹುಡುಕಿದುದು ಅಡಗುವ ದಾರಿಯನ್ನೇ. ಚಿಟಿಕೆಯಷ್ಟು ಹಾಲಿನ ಪುಡಿ. ಅರಿಯದೆ ತಿಂದುದಕ್ಕೆ ದೋಷವೆಲ್ಲಿಯದು. ಅವಳಿಗೆ ತಿಳಿಸಿದರೆ ವ್ಯಥೆಯೇ ಹೊರತು ಪ್ರಯೋಜನವೇನು ಎಂದು ಹೀಗೆ ಪೂರ್ವಪಕ್ಷವು ಬಹಳ ಬಲವಾಗಿ ಬೆಳೆಯಿತು. ಆದರೆ 'ನೋಡಿಯೇ ತಂದೆ' ಎಂಬ ನಮ್ಮ ಮಾತೊಂದು ಅಡ್ಡಬಂದಿತು. ಸೂತ್ರದಲ್ಲಿ ಒಂದು ಚಕಾರವು ಹೆಚ್ಚಾಗಿ ಬಿದ್ದಿದ್ದರೆ ಅದಕ್ಕೇನು ಫಲವೆಂದು ಮೂವತ್ತು ವರ್ಷಕಾಲ ಮಕ್ಕಳನ್ನು ಕಾಡಿದವರು ನಾವು. ನಮ್ಮ ಮನೆಯ ಹುಡುಗಿಯ ತಟ್ಟೆಗೆ ಹಾಕುವ ಮುನ್ನ ನಾಲ್ಕು ಸಾಲು ಓದಲಿಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ (ಅವಳದು ಸೋಯಾ ಹಾಲಿನದು) ಪೊಟ್ಟಣವನ್ನೇ ಅವಳ ಮುಂದಿಟ್ಟು ನಡೆದುದನ್ನು ಹೇಳಿದೆವು. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಅದನ್ನು ನೋಡುತ್ತಿದ್ದು, "ನೀವು ನೋಡಿದೆನೆಂದಿರಿ; ಆದ್ದರಿಂದ ನಾನು ನೋಡಲಿಲ್ಲ" ಎಂದಳು. ಅಷ್ಟೆ. ಕಚೇರಿಗೆ ಹೊರಟುಹೋದಳು.

ಅಂದಿನಿಂದ ಈ ಹಸಿರು ಬೊಟ್ಟಿನ ಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸಮಾಡಿದೆವು. ಕಂಡುಕೊಂಡುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು; ಏಕೆಂದರೆ ಜಯನಗರ, ಬಿ. ಟಿ. ಎಂ. ಬಡಾವಣೆಗಳ ಕಡೆ ಇಂತಹ ಒಬ್ಬ ಮಗನೋ ಮಗಳೋ ಇರುವ ಮನೆಗಳು ಈಗ ಅಪರೂಪವಲ್ಲ.

ಪೊಟ್ಟಣದ ಆಹಾರಕ್ಕೆ ಹಸಿರು ಬೊಟ್ಟಿರಬೇಕೆಂಬ ನಿಯಮವು ನಮ್ಮ ದೇಶದಲ್ಲಿ ಹೊರಟದ್ದು ೨೦೦೧ರಲ್ಲಿ. ಈಗ ಅದು ೨೦೦೬ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯಿದೆಯ ಆಶ್ರಯದಲ್ಲಿ, ೨೦೨೦ರ ಲೇಬಲ್ಲಿನ ನಿಯಮಾವಳಿಯಂತೆ ನಡೆಯುತ್ತಿದೆ. ಈ ನಿಯಮಾವಳಿಯು ಮೊದಲು ಮಾಂಸಾಹಾರವೆಂದರೇನೆಂದು ಹೇಳಿ, ಅದಲ್ಲದುದೆಲ್ಲ ಸಸ್ಯಾಹಾರವೆನ್ನುತ್ತದೆ. ಪ್ರಾಣಿ, ಪಕ್ಷಿ, ಕೀಟ, ಜಲಚರ, ಮೊಟ್ಟೆ, ಪ್ರಾಣಿಯಿಂದ ಬಂದ ಯಾವುದೇ ಪದಾರ್ಥ ಇವುಗಳಲ್ಲಿ ಯಾವುದು ಸೇರಿದ್ದರೂ ಅದು ಮಾಂಸಾಹಾರವೇ. ಅದಕ್ಕೆ ಕಂದು ಬಣ್ಣದ ತ್ರಿಕೋಣದ ಗುರುತು. ಇದು ಉತ್ಸರ್ಗ, ಎಂದರೆ ಸಾಮಾನ್ಯ ವಿಧಿ. ಇದಕ್ಕೆ ಕೂಡಲೇ ಅಪವಾದವನ್ನು ಹೇಳಿದ್ದಾರೆ: ಹಾಲು, ಹಾಲಿನಿಂದಾದ ಪದಾರ್ಥಗಳು, ಜೇನು, ಜೇನುಮೇಣ, ಕಾರ್ನೂಬ ಮೇಣ, ಅರಗು ಇವುಗಳನ್ನು ಬಿಟ್ಟು. ಕಾರ್ನೂಬವು ತಾಳೆಯ ಜಾತಿಯ ಒಂದು ಮರದ ಎಲೆಯ ಮೇಣ. ಪ್ರಾಣಿಗೂ ಅದಕ್ಕೂ ಸಂಬಂಧವೇ ಇಲ್ಲದಿರುವುದರಿಂದ ಅಪವಾದದ ಅವಶ್ಯಕತೆಯೂ ಇರಲಿಲ್ಲ. ಇಂಥದನ್ನು ವ್ಯಾಕರಣದಲ್ಲಿ ವ್ಯರ್ಥವೆನ್ನುವರು. ಅರಗಾದರೋ ಮುತ್ತುಗ ಮೊದಲಾದ ಮರಗಳ ರೆಂಬೆಯ ಮೇಲೆ ಒಂದು ಸಣ್ಣ ಕೀಟವು ಸುರಿಸುವ ಅಂಟು; ವಾರಣಾವತದಲ್ಲಿ ಪಾಂಡವರಿಗೆ ಕಟ್ಟಿಸಿದ್ದ ಮನೆಯ ಸಾಮಗ್ರಿ; ಇಂದು ಮಿಠಾಯಿ ಮಾತ್ರೆಗಳಿಗೆ ಹೊಳಪು ಕೊಡುತ್ತದೆ.

ಎಂದಮೇಲೆ ಹಸಿರು ಬೊಟ್ಟು ಸುಳ್ಳು ಹೇಳಲಿಲ್ಲ. ಅದು ನಮ್ಮಂಥವರ ಪ್ರಶ್ನೆಗೆ ಉತ್ತರ: ಇದರಲ್ಲಿ ಮಾಂಸವುಂಟೆ, ಮೊಟ್ಟೆಯುಂಟೆ? ನಮ್ಮ ಹುಡುಗಿಯ ಪ್ರಶ್ನೆ ಬೇರೆ. ಹೋಟೆಲುಗಳ ಹಲಗೆಯ ಮೇಲಿನ 'ಶುದ್ಧ ಸಸ್ಯಾಹಾರಿ' ಎಂಬ ಮಾತೂ ಇಂತಹುದೇ; ಅಲ್ಲಿ ಶುದ್ಧವೆಂದರೆ ತುಪ್ಪ ಧಾರಾಳವಾಗಿದೆಯೆಂಬ ಅರ್ಥವೂ ಉಂಟು. ಇವಳ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ೧೯೪೪ರಲ್ಲಿ ಡೊನಾಲ್ಡ್ ವಾಟ್ಸನ್ ಎಂಬವರೂ ಅವರ ಮಿತ್ರರೂ ಸೇರಿ 'ವೀಗನ್' ಎಂಬ ಹೆಸರನ್ನು ಕಟ್ಟಿದರು. ವೆಜಿಟೇರಿಯನ್ ಎಂಬ ಇಂಗ್ಲಿಷ್ ಶಬ್ದದ ಮೊದಲ ಮೂರು ಅಕ್ಷರ, ಕೊನೆಯ ಎರಡು ಅಕ್ಷರ, ನಡುವಿನದನ್ನು ತೆಗೆದರು. ಶಬ್ದವನ್ನು ಕತ್ತರಿಸಿದ ಹಾಗೆಯೇ ಊಟವನ್ನೂ ಕತ್ತರಿಸಿದರೆಂದು ನಾವು ಮೊದಲು ಪರಿಹಾಸ್ಯ ಮಾಡಿದ್ದುಂಟು.

ನಮ್ಮ ಸರ್ಕಾರವೂ ಈ ಪ್ರಶ್ನೆಗೆ ಪ್ರತ್ಯೇಕ ಉತ್ತರವನ್ನು ಕೊಟ್ಟಿರುವುದು ಬಹಳ ಜನಕ್ಕೆ ತಿಳಿಯದು. ೨೦೨೨ರಲ್ಲಿ ವೀಗನ್ ಆಹಾರಗಳ ನಿಯಮಾವಳಿಯೆಂಬುದು ಹೊರಟಿತು. ಅದರಂತೆ ಪದಾರ್ಥದಲ್ಲಿ ಮಾತ್ರವಲ್ಲದೆ, ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಜನ್ಯವಾದುದನ್ನು ಬಳಸಕೂಡದು. ಪರಿಮಳ, ಬಣ್ಣ, ಕಿಣ್ವ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಅಧಿಕಾರಿಗಳೇ ವಿಧಿಸಿದ ಹೊರತು ಪ್ರಾಣಿಗಳ ಮೇಲೆ ಪರೀಕ್ಷೆಯನ್ನೂ ನಡೆಸಿರಕೂಡದು. ಈ ಕೊನೆಯ ಮಾತು ವ್ಯರ್ಥವಲ್ಲ. ಅಮೆರಿಕದ 'ಇಂಪಾಸಿಬಲ್' ಎಂಬ ಬರ್ಗರಿನಲ್ಲಿ ಪ್ರಾಣಿಯ ಅಂಶವೇನೂ ಇಲ್ಲ. ಆದರೆ ಅದಕ್ಕೆ ಮಾಂಸದ ಬಣ್ಣ ರುಚಿಗಳನ್ನು ಕೊಡುವ ವಸ್ತುವನ್ನು ಇಲಿಗಳಿಗೆ ತಿನ್ನಿಸಿ ಪರೀಕ್ಷಿಸಿದ್ದುದರಿಂದ ವೀಗನ್ನರಲ್ಲಿಯೇ ಕೆಲವರು ಅದನ್ನು ಮುಟ್ಟರು. ಇರಲಿ. ನಿಯಮಕ್ಕೆ ಒಪ್ಪಿ ಅನುಮತಿ ಪಡೆದ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ 'ವಿ' ಎಂಬ ಇಂಗ್ಲಿಷ್ ಅಕ್ಷರವೂ ಒಂದು ಎಲೆಯೂ ಇರುತ್ತವೆ. ಅದಿದ್ದರೆ ಭೂತಗನ್ನಡಿಯನ್ನು ಪೆಟ್ಟಿಗೆಯಲ್ಲಿಯೇ ಇಡಬಹುದು.

ಆದರೆ ನಾಲ್ಕನೆಯ ಬ್ಲಾಕು, ಬನಶಂಕರಿಯ ಅಂಗಡಿಗಳು, ಜೆ. ಪಿ. ನಗರ ಎಂದು ನಾವು ತಿರುಗಿ ನೋಡಿದ ಪ್ಯಾಟಿಗಳ ಪೈಕಿ ಬಹುಪಾಲಿನ ಮೇಲೆ ಆ ಗುರುತಿರಲಿಲ್ಲ. ಗುರುತಿಲ್ಲದ ಮಾತ್ರಕ್ಕೆ ಅವೆಲ್ಲ ವರ್ಜ್ಯವೂ ಅಲ್ಲ. ಆ ಹೆಸರಿನಿಂದ ಮಾರಬೇಕೆನ್ನುವವರು ಮಾತ್ರ ಅದನ್ನು ಹಾಕುವರು. ಆಗ ಓದುವುದೊಂದೇ ದಾರಿ.

ಓದುವಾಗ ಮೊದಲು ದಪ್ಪಕ್ಷರದ ಸಾಲನ್ನು ನೋಡತಕ್ಕದ್ದು. ಕೆಲವರ ದೇಹಕ್ಕೆ ಒಗ್ಗದ ಪದಾರ್ಥಗಳನ್ನು ಪ್ರತ್ಯೇಕವಾಗಿ ತಿಳಿಸಬೇಕೆಂದು ನಿಯಮವಿದೆ. ಗ್ಲೂಟೆನ್ ಉಳ್ಳ ಧಾನ್ಯ, ಸೋಯಾ, ನೆಲಗಡಲೆ, ಗೋಡಂಬಿ ಮೊದಲಾದ ಬೀಜಗಳು, ಮೀನು, ಏಡಿ, ಮೊಟ್ಟೆ ಇವುಗಳ ಜೊತೆಗೆ ಹಾಲೂ ಆ ಪಟ್ಟಿಯಲ್ಲಿದೆ. ಇದು ವೀಗನ್ನರಿಗಾಗಿ ಮಾಡಿದ ನಿಯಮವಲ್ಲ. ಆದರೂ ಅವರಿಗೆ ಇದರಷ್ಟು ಉಪಕಾರಿಯಾದುದು ಬೇರೊಂದಿಲ್ಲ. ಕಾರಣವನ್ನು ಹೇಳುವೆವು. ಪದಾರ್ಥಗಳ ಪಟ್ಟಿಯು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಬ್ರೆಡ್ಡಿನ ಪುಡಿಯಂತಹ ಸಮಸ್ತಪದವು ಬಂದರೆ, ಅದರ ವಿಗ್ರಹವಾಕ್ಯವನ್ನು ಆವರಣ ಚಿಹ್ನೆಯೊಳಗೆ ಬಿಡಿಸಿ ಬರೆಯಬೇಕು. ಆದರೆ ಆ ಸಮಸ್ತಪದವು ಇಡೀ ಆಹಾರದಲ್ಲಿ ನೂರಕ್ಕೆ ಐದು ಪಾಲಿಗಿಂತ ಕಡಮೆಯಿದ್ದರೆ ಬಿಡಿಸಬೇಕಾದುದಿಲ್ಲ. ಮಸಾಲೆಯ ಮಿಶ್ರಣವೊಂದರಲ್ಲಿ ಹಾಲಿನ ಪುಡಿ ಅಡಗಿರಬಹುದಾದ ಸಂದು ಇದೇ. ಪಟ್ಟಿಯಲ್ಲಿ ಅಡಗಿದ ಹಾಲು ದಪ್ಪಕ್ಷರದ ಸಾಲಿನಲ್ಲಿ ಹೊರಬೀಳುತ್ತದೆ. ಜೇನೂ ಅರಗೂ ಮಾತ್ರ ಆ ಸಾಲಿನಲ್ಲಿ ಬರುವುದಿಲ್ಲವಾದ್ದರಿಂದ ಪಟ್ಟಿಯನ್ನು ಪೂರ್ತಿಯಾಗಿ ಓದದೆ ಗತಿಯಿಲ್ಲ.

'ಹಾಲು ಇರಬಹುದು' ಎಂಬ ಇನ್ನೊಂದು ಬಗೆಯ ಮಾತನ್ನೂ ಕಾಣುವಿರಿ. ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವನ್ನೂ ಮಾಡುತ್ತಾರೆ, ಲೇಶವೇನಾದರೂ ಅಂಟಿದ್ದೀತು ಎಂಬ ಎಚ್ಚರಿಕೆ ಅದು. ಹಾಲು ಒಗ್ಗದೆ ಮೈಯೆಲ್ಲ ದದ್ದೇಳುವ ಮಗುವಿರುವ ಮನೆಯವರು ಅದನ್ನು ದೂರವಿಡಲೇಬೇಕು. ವ್ರತಕ್ಕೆ ಬಿಟ್ಟವರು ತಮ್ಮ ತಮ್ಮ ಮನಸ್ಸನ್ನು ಕೇಳಿಕೊಳ್ಳುವರು; ನಮ್ಮ ಹುಡುಗಿಯು ಅದನ್ನು ತಿನ್ನುತ್ತಾಳೆ.

ಇನ್ನು ಶಬ್ದಗಳ ವಿಷಯ. ಹಾಲು ಹಾಲೆಂಬ ಹೆಸರಿನಿಂದಲೇ ಬರಬೇಕೆಂದಿಲ್ಲ. ಕೇಸೀನ್, ಸೋಡಿಯಂ ಕೇಸಿನೇಟ್ ಎಂದರೆ ಹಾಲಿನ ಸಾರ. ಸೋಯಾದ ಪ್ಯಾಟಿ ಒಡೆಯದಂತೆ ಹಿಡಿದಿಡಲು ಇದನ್ನು ಸೇರಿಸುವುದುಂಟು. ವ್ಹೇ ಎಂದರೆ ಒಡೆದ ಹಾಲಿನ ತಿಳಿನೀರು. ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ. ಲ್ಯಾಕ್ಟಿಕ್ ಆಮ್ಲವನ್ನಾದರೋ ಕಂಡು ಬೆದರಬೇಕಾದುದಿಲ್ಲ; ೧೭೮೦ರಲ್ಲಿ ಷೀಲೆ ಎಂಬ ರಸಾಯನಜ್ಞನು ಹುಳಿತ ಹಾಲಿನಲ್ಲಿ ಕಂಡುದರಿಂದ ಆ ಹೆಸರು ಬಂದಿತೇ ಹೊರತು, ಈಗ ಅದನ್ನು ಸಾಮಾನ್ಯವಾಗಿ ಸಕ್ಕರೆಯನ್ನು ಹುದುಗಿಸಿ ಮಾಡುವರು. ನಮ್ಮ ಬೆಣ್ಣೆಹಣ್ಣಿನಲ್ಲಿ ಬೆಣ್ಣೆಯಿರುವಷ್ಟೇ ಹಾಲು ಅದರಲ್ಲಿದೆ. ಇಲ್ಲಿ ಒಂದು ವಿನೋದವನ್ನು ಹೇಳದಿರಲಾರೆವು. ಲ್ಯಾಟಿನ್ನಿನಲ್ಲಿ 'ಲಾಕ್' ಎಂದರೆ ಹಾಲು. ಇಂಗ್ಲಿಷಿನಲ್ಲಿ ಅದೇ ಮೂರು ಅಕ್ಷರಗಳಿಂದ ಬರೆಯುವ 'ಲ್ಯಾಕ್' ಎಂದರೆ ಅರಗು. ಅದು ನಮ್ಮ ಲಾಕ್ಷಾ ಶಬ್ದದಿಂದ ಬಂದದ್ದು. ಒಂದು ಹಸುವಿನದು, ಇನ್ನೊಂದು ಹುಳುವಿನದು. ಎರಡೂ ಹಸಿರು ಬೊಟ್ಟಿನ ಅಪವಾದದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ.

ಸಂಖ್ಯೆಗಳೂ ಇವೆ. ೯೦೧ ಜೇನುಮೇಣ, ೯೦೪ ಅರಗು. ಬರ್ಗರಿನಲ್ಲಿ ಇವು ಅಪರೂಪ. ೪೬೧ ಎಂಬುದು ಪ್ಯಾಟಿಯನ್ನು ಬಿಗಿಯಾಗಿಡುವ ಮೀಥೈಲ್ ಸೆಲ್ಯುಲೋಸ್. ಹೆಸರು ಗಡುಸಾದರೂ ಮೂಲವು ಗಿಡದ ನಾರು. ೪೭೧ ಮಾತ್ರ ಸಂದೇಹಕ್ಕೆ ಎಡೆ. ಅದು ಕೊಬ್ಬಿನಿಂದಾದ ಪದಾರ್ಥ. ಬನ್ನು ಬ್ರೆಡ್ಡುಗಳಲ್ಲಿ ಬಹಳ. ಹಸಿರು ಬೊಟ್ಟಿರುವಾಗ ಪ್ರಾಣಿಯ ಮೈಕೊಬ್ಬು ಅಲ್ಲವೆಂಬುದು ನಿಶ್ಚಯ. ಎಣ್ಣೆಯದೋ ಹಾಲಿನ ಕೊಬ್ಬಿನದೋ ಎಂಬುದನ್ನು ಮಾಡಿದವರೇ ಹೇಳಬೇಕು. ಪೊಟ್ಟಣದ ಮೇಲೆ ಗ್ರಾಹಕರು ವಿಚಾರಿಸತಕ್ಕ ದೂರವಾಣಿ ಸಂಖ್ಯೆಯಿರಬೇಕೆಂಬುದೂ ಕಾನೂನೇ. ನಾವು ಒಂದು ಕಂಪೆನಿಗೆ ದೂರವಾಣಿ ಮಾಡಿದೆವು. ಬಹಳ ಹೊತ್ತು ವಾದ್ಯವನ್ನು ಕೇಳಿಸಿದ ಮೇಲೆ ಒಬ್ಬ ತರುಣನು ಬಂದನು. ೪೭೧ರ ಮೂಲವನ್ನು ಕೇಳಿದೆವು. "ಸಾರ್, ಇದು ವೆಜ್" ಎಂದನು. ಅದು ಗೊತ್ತು, ಹಾಲಿನದೋ ಎಣ್ಣೆಯದೋ ಎಂದೆವು. "ಹಸಿರು ಚುಕ್ಕೆ ಇದೆ ನೋಡಿ ಸಾರ್" ಎಂದನು. ಆ ರಾತ್ರಿಯ ನಮ್ಮ ಉತ್ತರವನ್ನೇ ಆತನು ನಮಗೆ ಹಿಂದಕ್ಕೆ ಕೊಟ್ಟಂತಾಯಿತು. ಪತ್ರ ಬರೆದೆವು, ನಾಲ್ಕು ದಿನದ ಮೇಲೆ, ಅದು ತಾಳೆಯೆಣ್ಣೆಯದೆಂದು ಉತ್ತರ ಬಂದಿತು.

ಹೊರದೇಶದಲ್ಲಿ ಮಕ್ಕಳಿರುವ ವಾಚಕರಿಗೆ ಒಂದು ಮಾತು. ಅಮೆರಿಕದಲ್ಲಿ ನಮ್ಮ ಬೊಟ್ಟಿನಂತಹ ಸರ್ಕಾರದ ಗುರುತಿಲ್ಲ. ಅಲ್ಲಿ ವೆಜಿ ಬರ್ಗರೆಂದು ಮಾರುವುದರಲ್ಲಿ ಮೊಟ್ಟೆಯ ಬಿಳಿಯಿದ್ದರೂ ಇರಬಹುದು, ಅಲ್ಲಿನವರ ಎಣಿಕೆಯಲ್ಲಿ ಅದೂ ವೆಜಿಯೇ. ೨೦೦೧ರಲ್ಲಿ ಅಲ್ಲಿನ ಸಿಯಾಟಲ್ ನಗರದಲ್ಲಿ ಮೆಕ್‌ಡೊನಾಲ್ಡ್ಸ್ ಕಂಪೆನಿಯ ಮೇಲೆ ನಡೆದ ವ್ಯಾಜ್ಯವು ಅನೇಕರ ನೆನಪಿನಲ್ಲಿರಬಹುದು. ಸಸ್ಯದ ಎಣ್ಣೆಯಲ್ಲಿ ಕರಿದುದೆಂದು ಹೇಳಿದ ಆಲೂಗಡ್ಡೆಯಲ್ಲಿ ದನದ ಮಾಂಸದ ಸಾರವು 'ಸಹಜ ಪರಿಮಳ'ವೆಂಬ ಹೆಸರಿನಲ್ಲಿ ಸೇರಿದ್ದಿತು. ಕಂಪೆನಿಯು ಕ್ಷಮೆ ಕೇಳಿ, ೨೦೦೨ರಲ್ಲಿ ಹಿಂದೂಗಳ, ಸಸ್ಯಾಹಾರಿಗಳ ಮತ್ತಿತರ ಸಂಸ್ಥೆಗಳಿಗೆ ಒಂದು ಕೋಟಿ ಡಾಲರು ಕೊಡಲು ಒಪ್ಪಿತು. ಎರಡು ಸಾಧುಶಬ್ದಗಳ ಬೆಲೆ.

ಪ್ಯಾಟಿಯೊಂದು ಪಾರಾದರೆ ಬರ್ಗರು ಪಾರಾಗಲಿಲ್ಲ. 'ಎಗ್‌ಲೆಸ್' ಎಂದು ಬರೆದ ಮೇಯೊನೇಸಿನಲ್ಲಿ ಮೊಟ್ಟೆಯ ಜಾಗಕ್ಕೆ ಎಷ್ಟೋ ವೇಳೆ ಹಾಲಿನ ಪುಡಿ ಬಂದಿರುತ್ತದೆ. ಚೀಸಿನ ಮಾತು ಹೇಳಲೇಬೇಕಾದುದಿಲ್ಲ. ಬನ್ನಿನದೇ ದೊಡ್ಡ ತೊಡಕು. ನಮ್ಮ ಊರಿನ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದೆ ಬ್ರೆಡ್ಡು ಬನ್ನುಗಳನ್ನು ಮಾಡುವುದರಲ್ಲಿ ತಲೆಮಾರುಗಳಿಂದ ಹೆಸರಾದುವು. ಬಾಲ್ಯದಲ್ಲಿ ಅಲ್ಲಿನ ಆಲೂಗಡ್ಡೆಯ ಬನ್ನನ್ನು ತಿಂದವರಿಗೆ ಬರ್ಗರು ಹೊಸ ಪದಾರ್ಥವೆಂದು ತೋರದು. ಆದರೆ ಮೊಟ್ಟೆಯಿಲ್ಲವೆಂದರೆ ಹಾಲಿಲ್ಲವೆಂದಲ್ಲವಷ್ಟೆ. ಬಿಡಿಯಾಗಿ ಮಾರುವ ಬನ್ನಿಗೆ ಪಟ್ಟಿಯೂ ಇಲ್ಲ, ಬಾಯಿಯಿಂದ ಕೇಳಬೇಕು. ನಮ್ಮ ಬೀದಿಯ ಬೇಕರಿಯಾತನನ್ನು ಕೇಳಿದೆವು. ಆತನು ಒಳಗೆ ಹೋಗಿ ಹಿಟ್ಟು ಕಲಸುವವನನ್ನೇ ವಿಚಾರಿಸಿಕೊಂಡು ಬಂದು, ಸಿಹಿಬನ್ನಿಗೆ ಹಾಲಿನ ಪುಡಿಯೂ ಮೇಲೆ ಸವರಲು ಬೆಣ್ಣೆಯೂ ಉಂಟು, ಪಾವಿಗೆ ಎರಡೂ ಇಲ್ಲ, ಎಣ್ಣೆಯೇ ಎಂದನು. "ಮಗುವಿಗೆ ಹಾಲು ಆಗುವುದಿಲ್ಲವೆ?" ಎಂದು ಕೇಳಿದನು. ಆಗುವುದಿಲ್ಲವಲ್ಲ, ಬೇಡವೆಂದಿದ್ದಾಳೆ ಎಂದೆವು. ಆತನು ತಲೆದೂಗಿ ಪಾವನ್ನು ಬೇರೆ ಕಾಗದದಲ್ಲಿ ಕಟ್ಟಿಕೊಟ್ಟನು.

ಕಳೆದ ಭಾನುವಾರ ಆ ಪಾವಿನ ನಡುವೆ, ಮೂರು ಅಂಗಡಿ ತಿರುಗಿ ಆರಿಸಿದ ಪ್ಯಾಟಿಯನ್ನಿಟ್ಟು, ಮನೆಯ ಹುಣಿಸೆಯ ಚಟ್ನಿಯನ್ನು ಸವರಿ ಹುಡುಗಿಯ ಮುಂದಿಟ್ಟೆವು. ಮೈಸೂರಿನಿಂದ ಬಂದಿದ್ದ ನಮ್ಮ ಮನೆಯವರು ಬೋಂಡದ ಪಕ್ಷವನ್ನು ಬಿಟ್ಟುಕೊಡದಿದ್ದರೂ ಕಾಯಿಸಿಕೊಟ್ಟರು. ಅವಳು ಈ ಸಲ ಏನನ್ನೂ ಕೇಳಲಿಲ್ಲ. ಮೇಜಿನ ಮೇಲಿದ್ದ ಪೊಟ್ಟಣವನ್ನು ತಾನಾಗಿಯೇ ತೆಗೆದುಕೊಂಡು ತಿರುಗಿಸಿ, ಮೊದಲು ದಪ್ಪಕ್ಷರವನ್ನೂ ಆಮೇಲೆ ಪಟ್ಟಿಯನ್ನೂ ಕೊನೆಯವರೆಗೆ ಓದಿದಳು. ನಾವು ಭೂತಗನ್ನಡಿಯನ್ನು ಮುಂದಕ್ಕೆ ಚಾಚಿದೆವು. "ಬೇಡ ದೊಡ್ಡಪ್ಪ, ನನಗೆ ಕಾಣುತ್ತದೆ" ಎಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.